ದೊಡ್ಡ ಕಥೆಯಿಲ್ಲದವರ ಸಾಕ್ಷಿ

ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಹೇಳಿಕೊಳ್ಳುವ ಸಮಯ ಬಂದಾಗ ಯಾರು ಎದ್ದು ಮುಂದೆ ಹೋಗುತ್ತಾರೆ ಅನ್ನುವುದನ್ನು ಬಹಳ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಕುಡಿತ ಬಿಟ್ಟವರು ಹೋಗುತ್ತಾರೆ. ಡಾಕ್ಟರು ಕೈಚೆಲ್ಲಿದ ಮೇಲೂ ಎದ್ದು ಕೂತವರು ಹೋಗುತ್ತಾರೆ. ಇನ್ನು ಬದುಕುವುದು ಬೇಡವೆಂದು ಮನೆ ಬಿಟ್ಟು, ದಾರಿಯಲ್ಲಿ ಯಾವುದೋ ಒಂದು ವಾಕ್ಯ ಕಿವಿಗೆ ಬಿದ್ದು ತಿರುಗಿ ಬಂದವರು ಹೋಗುತ್ತಾರೆ. ಅವರ ಮಾತು ಕೇಳುವಾಗ ನನ್ನ ಕಣ್ಣಲ್ಲೂ ನೀರು ಬರುತ್ತದೆ. ಅವರು ಹೇಳಲೇಬೇಕು, ನಾವು ಕೇಳಲೇಬೇಕು. ಆದರೆ ಅದೇ ಹೊತ್ತಿನಲ್ಲಿ ಹಿಂದಿನ ಬೆಂಚುಗಳಲ್ಲಿ ಸುಮ್ಮನೆ ಕೂತಿರುವ ಇನ್ನೊಂದು ಗುಂಪಿದೆ. ತೊಟ್ಟಿಲಲ್ಲಿದ್ದಾಗಲೇ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದವರು, ಸಂಡೇ ಸ್ಕೂಲಿನಲ್ಲಿ ಸತ್ಯವೇದದ (ಬೈಬಲಿನ) ವಚನ ಬಾಯಿಪಾಠ ಮಾಡಿ ಬೆಳೆದವರು, ಒಂದು ಭಾನುವಾರವೂ ತಪ್ಪದೆ ಬಂದು ಕಾಣಿಕೆ ಹಾಕಿ ಮನೆಗೆ ಹೋಗುವವರು. ಅವರನ್ನು ಯಾರೂ ಕರೆಯುವುದಿಲ್ಲ. ಅವರೂ ಏಳುವುದಿಲ್ಲ. ತಮ್ಮ ಹತ್ತಿರ ಹೇಳುವಂಥದ್ದು ಏನೂ ಇಲ್ಲ ಎಂದು ಅವರು ನಿಜವಾಗಿಯೂ ನಂಬಿಬಿಟ್ಟಿದ್ದಾರೆ.

ನಾನು ಹುಟ್ಟಿದ್ದು ಮಂಡ್ಯದಲ್ಲಿ, ಕೆಲಸ ಮಾಡಿದ್ದು, ಈಗ ಇರುವುದು ಮೈಸೂರಿನಲ್ಲಿ. ಇಲ್ಲಿ ನಮ್ಮ ಸಭೆಯಲ್ಲಿ ದೃಢೀಕರಣಕ್ಕೆ, ಅಂದರೆ ತೊಟ್ಟಿಲಲ್ಲಿ ಆದ ದೀಕ್ಷಾಸ್ನಾನವನ್ನು ಬೆಳೆದ ಮೇಲೆ ತಾವೇ ಒಪ್ಪಿಕೊಳ್ಳುವ ವಿಧಿಗೆ ಸಿದ್ಧರಾಗುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಯುವಜನರ ಭಾನುವಾರಕ್ಕೆ ನಿಮ್ಮಲ್ಲಿ ಯಾರಾದರೂ ಸಾಕ್ಷಿ ಹೇಳಿ ಅಂದಾಗ ಪಿಯುಸಿ ಓದುತ್ತಿರುವ ಒಬ್ಬ ಹುಡುಗಿ ತರಗತಿ ಮುಗಿದ ಮೇಲೆ ನನ್ನ ಹತ್ತಿರ ಬಂದಳು. "ಟೀಚರ್, ನಂಗೆ ಸಾಕ್ಷಿನೇ ಇಲ್ಲ. ಹುಟ್ಟಿದಾಗಿಂದ ಚರ್ಚಿಗೆ ಬರ್ತಿದೀನಿ. ನಮ್ಮಪ್ಪ ಕುಡಿಯಲ್ಲ. ನಮ್ಮನೇಲಿ ಯಾರ್ಗೂ ದೊಡ್ಡ ಕಾಯಿಲೆ ಬಂದಿಲ್ಲ. ನಾನ್ ಏನ್ ಹೇಳ್ಲಿ?" ಅಂದಳು. ಮುಖದಲ್ಲಿ ಕೀಳರಿಮೆ ಎದ್ದು ಕಾಣುತ್ತಿತ್ತು. ಅಪ್ಪ ಕುಡಿಯದ ಮನೆಯಲ್ಲಿ ಹುಟ್ಟಿದ್ದನ್ನು ಒಂದು ಕೊರತೆ ಎಂದು ಆ ಮಗು ಎಣಿಸುವ ಹಾಗೆ ಮಾಡಿರುವುದು ನಾವೇ, ಸಭೆಯ ದೊಡ್ಡವರು. ಅದು ನನಗೆ ಬಹಳ ನೋವು ಕೊಟ್ಟ ಮಾತು.

ಸಾಕ್ಷಿ ಅಂದರೆ ಹೀಗೇ ಇರಬೇಕು ಅನ್ನುವ ಅಚ್ಚು ನಮಗೆ ಸಿಕ್ಕಿದ್ದು, ಯೇಸುವಿನ ಹಿಂಬಾಲಕರನ್ನು ಹಿಂಸಿಸಲು ಹೊರಟು ದಾರಿಯಲ್ಲಿ ತಾನೇ ಯೇಸುವನ್ನು ನಂಬಿದ ಪೌಲನಿಂದ. ದಮಸ್ಕದ ದಾರಿ, ಆಕಾಶದಿಂದ ಬೆಳಕು, ನೆಲಕ್ಕೆ ಬೀಳುವುದು, ಮೂರು ದಿನ ಕಣ್ಣು ಕಾಣದೆ ಇರುವುದು. ಸತ್ಯವೇದದ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದಲ್ಲಿ ಈ ಸಂಗತಿ ಒಂದು ಸಲ ಅಲ್ಲ, ಮೂರು ಸಲ ಬರುತ್ತದೆ: 9ನೇ ಅಧ್ಯಾಯದಲ್ಲಿ, ಆಮೇಲೆ 22ರಲ್ಲಿ, ಮತ್ತೆ 26ರಲ್ಲಿ. ಅಷ್ಟು ಸಲ ಕೇಳಿದ ಮೇಲೆ ನಂಬಿಕೆ ಅಂದರೆ ಕುದುರೆಯಿಂದ ಬಿದ್ದೇ ಬರಬೇಕು ಎಂದು ಜನ ಅಂದುಕೊಂಡರೆ ಆಶ್ಚರ್ಯವಿಲ್ಲ. (ಕುದುರೆಯ ಮಾತು ಆ ಮೂರೂ ಕಡೆ ಇಲ್ಲವೇ ಇಲ್ಲ. ಅದು ಚಿತ್ರ ಬರೆದವರು ಸೇರಿಸಿದ್ದು. ನಾಟಕ ಸಾಲದು ಅನ್ನಿಸಿದ ಕಡೆ ನಾವು ಎಷ್ಟು ಬೇಗ ಒಂದಿಷ್ಟು ಸೇರಿಸಿಬಿಡುತ್ತೇವೆ ನೋಡಿ.)

ಆದರೆ ಅದೇ ಪುಸ್ತಕದ 16ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಊರು ಫಿಲಿಪ್ಪಿ. ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಸೇರುವ ಕೆಲವು ಹೆಂಗಸರು. ಅವರಲ್ಲಿ ಧೂಮ್ರವರ್ಣದ ಬಟ್ಟೆ ವ್ಯಾಪಾರ ಮಾಡುವ ಲುದ್ಯ. ಅವಳು ಮೊದಲಿಂದಲೂ ದೇವರಿಗೆ ಭಯಪಡುವವಳು. ಪೌಲ ಕೂತು ಮಾತಾಡಿದ, ಅವಳು ಕೇಳಿಸಿಕೊಂಡಳು, ಕರ್ತನು, ಅಂದರೆ ದೇವರು, ಅವಳ ಹೃದಯವನ್ನು ತೆರೆದನು. ಬೆಳಕಿಲ್ಲ, ಶಬ್ದವಿಲ್ಲ. ಮನೆಯವರೆಲ್ಲರಿಗೂ ದೀಕ್ಷಾಸ್ನಾನ ಆಯಿತು, ಆಮೇಲೆ ಅವಳು ಮಾಡಿದ ಮೊದಲ ಕೆಲಸ ಪೌಲನನ್ನೂ ಜೊತೆಯವರನ್ನೂ ಬಲವಂತ ಮಾಡಿ ಮನೆಗೆ ಕರೆದುಕೊಂಡು ಹೋಗಿ ಇಳಿಸಿಕೊಂಡದ್ದು. ಅದೇ ಅಧ್ಯಾಯ, ಅದೇ ಊರು. ಇನ್ನೊಂದು ಕಡೆ, ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಸೆರೆಗೆ ಹಾಕಿದ್ದಾಗ, ನಡುರಾತ್ರಿ ಭೂಕಂಪ, ಸೆರೆಮನೆಯ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ, ಕೈದಿಗಳು ಓಡಿಹೋದರೆಂದು ಸೆರೆಮನೆಯ ಯಜಮಾನ ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೋಗುತ್ತಾನೆ, ಪೌಲ ಕೂಗಿ ತಡೆಯುತ್ತಾನೆ. ಅವನಿಗೂ ಅವನ ಮನೆಯವರಿಗೂ ದೀಕ್ಷಾಸ್ನಾನ. ಆ ಪುಸ್ತಕ ಬರೆದ ಲೂಕ ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಕೂರಿಸಿದ್ದಾನೆ. ಒಬ್ಬರು ಮೇಲು, ಒಬ್ಬರು ಕೀಳು ಅನ್ನಲಿಲ್ಲ. ಸೆರೆಮನೆಯಿಂದ ಹೊರಬಂದ ಪೌಲ, ಸೀಲ ಊರು ಬಿಡುವ ಮುಂಚೆ ಸೀದಾ ಹೋದದ್ದು ಎಲ್ಲಿಗೆ? ಲುದ್ಯಳ ಮನೆಗೆ. ಸಹೋದರರು ಸೇರಿದ್ದು ಅಲ್ಲಿ. ಭೂಕಂಪದಲ್ಲಿ ನಂಬಿದವನಿಗೂ ಸಭೆ ಬೇಕಾದಾಗ ಹೊಳೆಯ ದಡದಲ್ಲಿ ನಂಬಿದವಳ ಮನೆಯ ಬಾಗಿಲು ತೆರೆದಿರಬೇಕಾಗುತ್ತದೆ.

ಪೌಲನಿಗೆ ವಯಸ್ಸಾದ ಮೇಲೆ, ಬೇಡಿ ಬಿದ್ದ ಮೇಲೆ, ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಶುರುವಿನಲ್ಲಿ ಅವನು ನೆನೆಸಿಕೊಂಡದ್ದು ದಮಸ್ಕವನ್ನಲ್ಲ. ನಿನ್ನ ಅಜ್ಜಿ ಲೋವಿ, ನಿನ್ನ ತಾಯಿ ಯೂನಿಕೆ, ಅವರಲ್ಲಿದ್ದ ನಂಬಿಕೆ ನಿನ್ನಲ್ಲೂ ಇದೆ ಅನ್ನುತ್ತಾನೆ. ತಿಮೊಥೆಯನ ಅಪ್ಪ ಗ್ರೀಕ. ಅವನು ಇದನ್ನು ಕಲಿತದ್ದು ಮನೆಯ ಹೆಂಗಸರಿಂದ, ಚಿಕ್ಕಂದಿನಿಂದ. ಅವನು ಯಾವ ದಿನ, ಯಾವ ಗಳಿಗೆ ನಂಬಿದ ಅನ್ನುವುದು ಸತ್ಯವೇದದಲ್ಲಿ ಎಲ್ಲೂ ಬರೆದಿಲ್ಲ. ಸಭೆಗಳನ್ನು ನೋಡಿಕೊಳ್ಳಲು ಪೌಲ ಅವನ ಮೇಲೆ ಭಾರ ಹಾಕುವುದಕ್ಕೆ ಅದು ಅಡ್ಡಿಯೂ ಆಗಲಿಲ್ಲ.

ನಮ್ಮ ಕಡೆಯ ಸಭೆಗಳಿಗೆ ಇನ್ನೊಂದು ಹಿನ್ನೆಲೆಯೂ ಇದೆ. ಮೈಸೂರು ಸೀಮೆಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹಲವು ವೆಸ್ಲಿಯನ್ ಮಿಷನ್ನಿನಿಂದ ಬಂದವು. ಹಾರ್ಡ್ವಿಕ್ ಶಾಲೆ, ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಶುರುವಾದ, ಊರೆಲ್ಲ ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಇವೆಲ್ಲ ಆ ಮಿಷನ್ನಿನವೇ. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆದಾಗ ನಾವೂ ಅದರಲ್ಲಿ ಸೇರಿದೆವು. ಆದ್ದರಿಂದ ಆ ಮಿಷನ್ನಿನ ಹೆಸರಿಗೆ ಮೂಲವಾದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದವರು. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟ, ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾರೆ, ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ವೆಸ್ಲಿಯ ಎದೆ ಬೆಚ್ಚಗಾಯಿತು. ಇಷ್ಟು ಎಲ್ಲರಿಗೂ ಗೊತ್ತು.

ಅದಕ್ಕೆ ಮುಂಚಿನದು, ಆಮೇಲಿನದು ಅಷ್ಟಾಗಿ ಹೇಳುವುದಿಲ್ಲ. ಮುಂಚಿನದು ಎಪ್‌ವರ್ತ್ ಎಂಬ ಹಳ್ಳಿಯ ಪಾದ್ರಿ ಮನೆ. ತಾಯಿ ಸುಸಾನ್ನಾ ವೆಸ್ಲಿಗೆ 19 ಹೆರಿಗೆ, ಉಳಿದು ಬೆಳೆದ ಮಕ್ಕಳು ಸುಮಾರು ಹತ್ತು. ಅಷ್ಟು ಕೆಲಸದ ನಡುವೆ ಆಕೆ ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿಗೆ ಎತ್ತಿಟ್ಟಿದ್ದಳು, ಆ ಮಗುವಿನ ಜೊತೆ ದೇವರ ವಿಷಯ ಮಾತಾಡಲು. ಜಾನ್‌ನ ಸಂಜೆ ಗುರುವಾರ. ದೊಡ್ಡವನಾಗಿ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದಾಗಲೂ ಅವನು ತಾಯಿಗೆ ಕಾಗದ ಬರೆದು ಆ ಗುರುವಾರದ ಸಂಜೆಯ ಸ್ವಲ್ಪ ಹೊತ್ತನ್ನು ನನಗಾಗಿ ಇಡು ಎಂದು ಕೇಳಿಕೊಂಡ. ಆಮೇಲಿನದು ಕ್ಲಾಸ್ ಮೀಟಿಂಗ್. 1742ರಲ್ಲಿ ಬ್ರಿಸ್ಟಲ್ಲಿನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ವಾರಕ್ಕೆ ಒಂದು ಪೆನ್ನಿ ವಸೂಲಿ ಮಾಡಬೇಕೆಂದು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿದರು. ಮನೆ ಮನೆಗೆ ಹೋದ ಮುಂದಾಳುಗಳು ಜನ ಹೇಗೆ ಬದುಕುತ್ತಿದ್ದಾರೆ ಎಂದು ನೋಡತೊಡಗಿದರು, ಗುಂಪು ವಾರವಾರ ಸೇರತೊಡಗಿತು. ಈ ವಾರ ನಿನ್ನ ಆತ್ಮ ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳುವುದೇ ಆ ಕೂಟದ ಕೆಲಸ. ಪ್ರತಿ ವಾರ ಹೇಳಿಕೊಳ್ಳಲು ಯಾರ ಹತ್ತಿರವೂ ಆಲ್ಡರ್ಸ್‌ಗೇಟ್ ಇರುವುದಿಲ್ಲ. ಸಿಟ್ಟು ಬಂತು, ತಡೆದುಕೊಂಡೆ. ಪ್ರಾರ್ಥನೆ ಮಾಡಲು ಮನಸ್ಸಾಗಲಿಲ್ಲ, ಆದರೂ ಕೂತೆ. ಗಣಿಯಲ್ಲಿ ದುಡಿಯುವವರು, ಮನೆಗೆಲಸದ ಹೆಂಗಸರು ಇಂಥದ್ದನ್ನೇ ಹೇಳಿಕೊಂಡು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿದರು. ವೆಸ್ಲಿಯ ಆ ಚಳವಳಿ ನೂರಾರು ವರ್ಷ ಉಳಿದದ್ದಕ್ಕೆ, ಮೈಸೂರಿನ ತನಕ ಬಂದದ್ದಕ್ಕೆ ಆ ಒಂದು ಸಂಜೆಗಿಂತ ಈ ವಾರವಾರದ ಕೂಟಗಳೇ ಹೆಚ್ಚು ಕಾರಣ ಎಂದು ನಾನು ನಂಬುತ್ತೇನೆ.

ನನ್ನ ಅಜ್ಜಿ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ತಾತ ತೀರಿಕೊಂಡಾಗ ಅಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲ, ಬೆನ್ನಿಗೆ ಇಬ್ಬರು ತಂಗಿಯರು. ಅಜ್ಜಿ ಕೂಟಗಳಲ್ಲಿ ಹೇಳುತ್ತಿದ್ದ ಸಾಕ್ಷಿ ಪ್ರತಿ ಸಲವೂ ಒಂದೇ. ಸೆರಗು ತಲೆ ಮೇಲೆ ಎಳೆದುಕೊಂಡು ಎದ್ದು ನಿಲ್ಲುವರು. "ಕರ್ತ ನನ್ನ ಕೈ ಬಿಡ್ಲಿಲ್ಲ. ಮಕ್ಳು ಉಪಾಸ ಮಲಗ್ಲಿಲ್ಲ. ಇವತ್ತಿನ್ ಗಂಟ ನಡಸ್ಕಂಡ್ ಬಂದವ್ನೆ. ಅವ್ನಿಗೇ ಸ್ತೋತ್ರ." ಅಷ್ಟು ಹೇಳಿ ಕೂತುಬಿಡುವರು. ಕೂಟದಲ್ಲಿ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಎಲ್ಲರಿಗೂ ಅದು ಗೊತ್ತಿದ್ದದ್ದೇ.

ಆ ನಾಲ್ಕು ಮಾತಿನ ಒಳಗೆ ಏನಿತ್ತು ಅನ್ನುವುದು ಮನೆಯಲ್ಲಿ ಇದ್ದವರಿಗೆ ಮಾತ್ರ ಗೊತ್ತು. ಅಜ್ಜಿ ಅನ್ನಕ್ಕೆ ಅಕ್ಕಿ ಅಳೆದು ಮೊರಕ್ಕೆ ಹಾಕಿದ ಮೇಲೆ, ಎಸರಿಗೆ ಸುರಿಯುವ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಮೂಲೆಯ ಡಬ್ಬಿಗೆ ಹಾಕುತ್ತಿದ್ದರು. ರಾಗಿ ಮುದ್ದೆಯ ದಿನವಾದರೆ ಒಂದು ಹಿಡಿ ಹಿಟ್ಟು. ಅದು ದೇವರ ಪಾಲು, ತಿಂಗಳ ಕೊನೆಗೆ ಸಭೆಗೆ. ಅಳತೆಯ ಪಾವು ತುಂಬದ ದಿನಗಳೂ ಇರುತ್ತಿದ್ದವಂತೆ. ಆಗ ಹಿಡಿ ಸಣ್ಣದಾಗುತ್ತಿತ್ತು, ತೆಗೆಯುವುದು ನಿಲ್ಲುತ್ತಿರಲಿಲ್ಲ. ನಮ್ಮ ಸೋದರತ್ತೆ ಒಮ್ಮೆ, "ಅವ್ವಾ, ನಮ್ಗೇ ಸಾಲ್ದು, ಇವತ್ತೊಂದಿನ ಬ್ಯಾಡ ಬುಡು" ಅಂದಾಗ ಅಜ್ಜಿ ಕೈ ನಿಲ್ಲಿಸದೆ, "ಇದ್ದಾಗ್ಲೇ ಕೊಡೋದ್ ದೊಡ್ದಲ್ಲ ಕಣವ್ವ" ಅಂದರಂತೆ. ಅತ್ತೆಗೆ ಈಗ ಎಂಬತ್ತು ಹತ್ತಿರ. ಕುಕ್ಕರಿಗೆ ಅಕ್ಕಿ ಹಾಕುವ ಮುಂಚೆ ಅವರ ಕೈ ಇವತ್ತಿಗೂ ಒಂದು ಹಿಡಿ ತೆಗೆಯುತ್ತದೆ.

ರಾತ್ರಿ ಊಟವಾದ ಮೇಲೆ ಕುಟುಂಬ ಪ್ರಾರ್ಥನೆ. ಅಜ್ಜಿಗೆ ಓದಲು ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಸತ್ಯವೇದದ ಕೀರ್ತನೆ ಓದುವರು, ನಾವು ಮೊಮ್ಮಕ್ಕಳು ತೂಕಡಿಸುವೆವು. ಪ್ರಾರ್ಥನೆಯಲ್ಲಿ ಹೆಸರುಗಳು ಒಂದು ಕ್ರಮದಲ್ಲಿ ಬರುತ್ತಿದ್ದವು: ಮೊದಲು ವಾರ್ಡಿನಲ್ಲಿ ಆ ದಿನ ನರಳುತ್ತಿದ್ದವರು, ಆಮೇಲೆ ನೆಂಟರು, ಆಮೇಲೆ ಪಕ್ಕದ ಮನೆಯ ಗೌಡರ ಸೊಸೆಯ ಬಸಿರು, ಎದುರು ಮನೆಯ ಸಾಬರ ಹುಡುಗನ ಪರೀಕ್ಷೆ, ಕೊನೆಗೆ ನಾವು. ನಮ್ಮ ಹೆಸರು ಬರುವ ಹೊತ್ತಿಗೆ ನಾವು ನಿದ್ದೆ ಹೋಗಿರುತ್ತಿದ್ದೆವು. ಇದಕ್ಕೆ ದಮಸ್ಕದ ಬೆಳಕು ಎಲ್ಲಿಂದ ತರುವುದು? ಆದರೆ ನಮ್ಮ ಮನೆತನದಲ್ಲಿ ಇವತ್ತು ಯಾರಾದರೂ ಮೊಣಕಾಲೂರುತ್ತಿದ್ದರೆ ಅದು ನಂಬಿಕೆಯನ್ನು ಬಡಿದೆಬ್ಬಿಸಲು ನಡೆಸುವ ಯಾವ ಉಜ್ಜೀವನ ಕೂಟದಿಂದಲೂ ಬಂದದ್ದಲ್ಲ. ಆ ಬೆರಳು ಅಕ್ಷರದಿಂದ ಅಕ್ಷರಕ್ಕೆ ಹೋಗುವುದನ್ನು ನೋಡಿ ಬಂದದ್ದು.

ದೊಡ್ಡ ಕಥೆಯನ್ನೇ ಬಯಸುವ ಸಭೆಯಲ್ಲಿ ಒಂದು ಅಪಾಯವಿದೆ, ಅದನ್ನು ನೇರವಾಗಿ ಹೇಳಬೇಕು. ಒಂದು ಮನೆ ಪ್ರಾರ್ಥನೆಯಲ್ಲಿ ಒಬ್ಬ ಹುಡುಗ ಸಾಕ್ಷಿ ಹೇಳಿದ. ತಾನು ಎಂಥ ಪಾಪದಲ್ಲಿ ಬಿದ್ದಿದ್ದೆ, ಯಾವ್ಯಾವ ಸಹವಾಸ, ಯಾವ್ಯಾವ ಚಟ, ತಾಯಿಗೆ ಎದುರಾಡಿ ಮನೆ ಬಿಟ್ಟು ಹೋಗಿದ್ದೆ ಎಂದೆಲ್ಲ. ಕೂಟದ ತುಂಬ ಸ್ತೋತ್ರ, ಹಲ್ಲೆಲೂಯ. ಅವನ ತಾಯಿ ಚಾಪೆಯ ಅಂಚಿನಲ್ಲಿ ಕೂತಿದ್ದರು. ಆ ಹುಡುಗನನ್ನು ಹುಟ್ಟಿದಂದಿನಿಂದ ಬಲ್ಲವಳು ನಾನು. ಕಾಲೇಜಿನಲ್ಲಿ ಒಂದು ವರ್ಷ ಚರ್ಚಿಗೆ ಸರಿಯಾಗಿ ಬರದೆ ಇದ್ದದ್ದು ಬಿಟ್ಟರೆ ಅವನು ತಾಯಿಯ ಮಾತು ಮೀರಿದವನಲ್ಲ. ತಾಯಿ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಾ ಕೂತಿದ್ದರು. ತಾನು ಇಪ್ಪತ್ತು ವರ್ಷ ಪ್ರಾರ್ಥನೆ ಮಾಡಿ ಸಾಕಿದ್ದನ್ನು ಮಗ ನಾಲ್ಕು ಜನರ ಮುಂದೆ ಇಲ್ಲ ಅನ್ನಿಸಿಬಿಟ್ಟ. ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬೇಡ ಎಂದು ಹತ್ತು ಆಜ್ಞೆಗಳಲ್ಲಿ ಇದೆ. ತನ್ನ ಮೇಲೆ ತಾನೇ ಹೇಳಿಕೊಂಡರೂ ಅದು ಸುಳ್ಳೇ. ಆ ಹುಡುಗ ಕೆಟ್ಟವನಲ್ಲ. ನಾವು ಕೇಳುವುದು ಅಂಥದ್ದನ್ನೇ ಎಂದು ಅವನಿಗೆ ಗೊತ್ತಿತ್ತು. ದೇವರು ಅವನನ್ನು ಬೀಳದಂತೆ ಕಾದದ್ದನ್ನು ಹೇಳಿದ್ದರೆ ಅದು ಸತ್ಯವಾಗಿರುತ್ತಿತ್ತು, ಆ ತಾಯಿಯೂ ತಲೆ ಎತ್ತಿ ಕೇಳುತ್ತಿದ್ದರು.

ನಿಜವಾಗಿಯೂ ಬಿದ್ದು ಎದ್ದವರ ಮಾತು ಬೇರೆ. ನಮ್ಮ ಸಭೆಯಲ್ಲಿ ಹಿಂದೆ ತುಂಬ ಕುಡಿಯುತ್ತಿದ್ದ ಒಬ್ಬರಿದ್ದಾರೆ. ಅವರನ್ನು ಸುತ್ತಮುತ್ತಲ ಊರುಗಳ ಕೂಟಗಳಿಗೆಲ್ಲ ಕರೆಯುತ್ತಾರೆ. ಒಂದು ದಿನ ಆರಾಧನೆ ಮುಗಿದು ಹೊರಗೆ ನಿಂತಿದ್ದಾಗ ಅವರು ನನಗೆ ಹೇಳಿದರು: "ಕುಡ್ತ ಬಿಟ್ಟ ದಿನ ಹೆಂಗಿತ್ತು ಅಂತ ಎಲ್ರೂ ಕೇಳ್ತಾರೆ ಟೀಚರ್. ಬಿಟ್ಟ ಮೇಲಿನ್ ಸಂಜೆಗಳು ಹೆಂಗಿದ್ವು ಅಂತ ಯಾರೂ ಕೇಳಲ್ಲ. ಕಷ್ಟ ಇದ್ದದ್ದು ಅಲ್ಲಿ." ಕೆಲಸ ಬಿಟ್ಟು ಬರುವಾಗ ಅಂಗಡಿಯ ಬೀದಿ ತಪ್ಪಿಸಿ ಸುತ್ತು ಹಾಕಿ ಬರುತ್ತಿದ್ದರಂತೆ. ಹೆಂಡತಿ ದಿನಾ ಕಾಫಿ ಮಾಡಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದರಂತೆ. ಅವರ ಸಾಕ್ಷಿಯಲ್ಲೂ ಅದ್ಭುತ ನಡೆದದ್ದು ಒಂದು ರಾತ್ರಿ, ಮಿಕ್ಕದ್ದೆಲ್ಲ ನನ್ನ ಅಜ್ಜಿಯ ಸಾಕ್ಷಿಯ ಜಾತಿಯದೇ. ಮತ್ತೆ, ಬಾಗಿಲಲ್ಲಿ ಕಾಯುತ್ತಿದ್ದ ಆ ಹೆಂಡತಿಯನ್ನು ಯಾವ ಕೂಟಕ್ಕೂ ಯಾರೂ ಕರೆದಿಲ್ಲ.

ಇನ್ನೊಂದು ವಿಷಯ ನಮ್ಮಂಥ ಊರುಗಳಿಗೆ ಸೇರಿದ್ದು. ಮೈಸೂರಿನಲ್ಲಿ ಕ್ರೈಸ್ತರು ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು. 175 ಅಡಿ ಎತ್ತರ, ಅಡಿಗಲ್ಲು ಹಾಕಿದ್ದು 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು. ಕ್ರೈಸ್ತರಲ್ಲದವರೂ ಅಲ್ಲಿ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾರೆ. ಇಂಥ ಊರಿನಲ್ಲಿ ನಾವು ಕೆಲವೇ ಮಂದಿ, ನೆರೆಹೊರೆಯವರ ನಡುವೆ ಬದುಕುವವರು. ಯುಗಾದಿಗೆ ಹೋಳಿಗೆ ನಮ್ಮ ಮನೆಗೆ ಬರುತ್ತದೆ, ಕ್ರಿಸ್ಮಸ್ಸಿಗೆ ಕೇಕು, ಕಜ್ಜಾಯ ಅವರ ಮನೆಗೆ ಹೋಗುತ್ತದೆ. ಕತ್ತಲೆಯಿಂದ ಬೆಳಕಿಗೆ ಬಂದೆ ಅನ್ನುವ ಸಾಕ್ಷಿಗಳಲ್ಲಿ ಕೆಲವರು ಕತ್ತಲೆಯನ್ನು ವರ್ಣಿಸುವ ಭರದಲ್ಲಿ ಪಕ್ಕದ ಮನೆಯವರ ದೇವರನ್ನು, ಪೂಜೆಯನ್ನು ಹೀಗಳೆಯುತ್ತಾರೆ. ಮೈಕಿನಲ್ಲಿ ಅದು ಬೀದಿಗೆಲ್ಲ ಕೇಳಿಸುತ್ತದೆ. ನಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಿ, ಆದರೆ ಸಾತ್ವಿಕವಾಗಿ ಹೇಳಿ ಎಂದು ಯೇಸುವಿನ ಶಿಷ್ಯ ಪೇತ್ರ ಬರೆದಿದ್ದಾನೆ. ನನ್ನ ಅಜ್ಜಿಯ ಸಾಕ್ಷಿಯನ್ನು ಗೌಡರ ಮನೆಯವರ ಮುಂದೆ ಹೇಳಬಹುದಿತ್ತು. ಹೇಳಿದ್ದರು ಕೂಡ. ಅಜ್ಜಿ ತೀರಿಕೊಂಡ ದಿನ ಗೌಡರ ಸೊಸೆ ನಮ್ಮ ಮನೆಯ ಅಂಗಳದಲ್ಲಿ ನಿಂತು, "ನನ್ ಹೆಸ್ರು ಹೇಳಿ ದೇವ್ರುನ್ನ ಕೇಳೋವ್ರು ಇನ್ನ್ಯಾರವ್ರೆ" ಎಂದು ಅತ್ತದ್ದನ್ನು ನಾನು ನೋಡಿದ್ದೇನೆ.

ಶ್ರೀರಂಗಪಟ್ಟಣದ ಹತ್ತಿರ ಗಂಜಾಂನಲ್ಲಿ ಅಬ್ಬೆ ದುಬಾಯ್ ಹೆಸರಿನ ಹಳೆಯ ಚರ್ಚಿದೆ. ಆ ಫ್ರೆಂಚ್ ಪಾದ್ರಿ 1792ರಲ್ಲಿ ಈ ದೇಶಕ್ಕೆ ಬಂದವರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಭಾಗದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು, ಇಲ್ಲಿಯವರಂತೆಯೇ ಉಟ್ಟು ತೊಟ್ಟು ಬದುಕಿದರು, ಸಿಡುಬಿನ ಲಸಿಕೆ ಹಾಕಿಸಲು ದುಡಿದರು. 1823ರಲ್ಲಿ ಫ್ರಾನ್ಸಿಗೆ ಹಿಂದಿರುಗುವ ಹೊತ್ತಿಗೆ, ಹಿಂದೂಗಳಲ್ಲಿ ಕ್ರೈಸ್ತ ಧರ್ಮ ಬೆಳೆಯುವುದು ಆಗದ ಮಾತು ಎಂದು ಬರೆದು ಪ್ರಕಟಿಸುವಷ್ಟು ನಿರಾಶೆ ಅವರಿಗಿತ್ತು. ದೊಡ್ಡ ಸಂಖ್ಯೆ, ದೊಡ್ಡ ತಿರುವು ಅವರ ಕಣ್ಣಿಗೆ ಕಾಣಲಿಲ್ಲ. ಅವರು ಹೋಗಿ 200 ವರ್ಷ ಆಯಿತು. ಈ ಸೀಮೆಯಲ್ಲಿ ಭಾನುವಾರ ಇವತ್ತಿಗೂ ಪೂಜೆಯ ಗಂಟೆ ಬಾರಿಸುತ್ತದೆ. ಅದನ್ನು ಉಳಿಸಿಕೊಂಡು ಬಂದದ್ದು ಹೆಸರು ದಾಖಲೆಯಾಗದ ಮನೆತನಗಳು.

ಇಷ್ಟೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವುದು ಮಂಡ್ಯ ಕಡೆಯ ನಮ್ಮ ಹಳೆಯ ಸಭೆಯ ಒಂದು ಸುಗ್ಗಿ ಹಬ್ಬ. 2023, ಮಳೆ ಕೈಕೊಟ್ಟ ವರ್ಷ. ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. 124.80 ಅಡಿ ಮುಟ್ಟಿದಾಗ ಬಾಗಿನ ಕೊಡುವ ಸುದ್ದಿ ಕೇಳಿ ಅಭ್ಯಾಸವಾದ ಜನಕ್ಕೆ ಆ ವರ್ಷ ನಾಲೆಗೆ ನೀರು ಬಿಡುತ್ತಾರಾ ಇಲ್ಲವಾ ಅನ್ನುವುದೇ ಮಾತು. ಸುಗ್ಗಿ ಹಬ್ಬ ಅಂದರೆ ನಮ್ಮಲ್ಲಿ ಬೆಳೆದದ್ದನ್ನು ಆರಾಧನೆಗೆ ತಂದು ಮುಂದೆ ಇಡುವುದು, ಆಮೇಲೆ ಹೊರಗೆ ಹರಾಜು. ಬೇರೆ ವರ್ಷಗಳಲ್ಲಿ ಭತ್ತದ ಮೂಟೆ, ಕಬ್ಬಿನ ಜಲ್ಲೆ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ, ಬೆಲ್ಲದ ಅಚ್ಚು, ಕಾಲಿಡಲು ಜಾಗ ಇರುತ್ತಿರಲಿಲ್ಲ. ಆ ವರ್ಷ ಮುಂದಿನ ಜಮಖಾನ ಅರ್ಧ ಖಾಲಿ. ಸಾಕ್ಷಿಗೆ ಕರೆದಾಗ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ವಯಸ್ಸಾದ ಒಬ್ಬ ರೈತರು ಎದ್ದರು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಐದಾರು ಸೇರು ರಾಗಿ ಇರಬಹುದು. "ಈ ವರ್ಸ ಗದ್ದೆ ನಾಟಿ ಮಾಡ್ಲಿಲ್ಲ. ಮ್ಯಾಲ್ಗಡೆ ಹೊಲದಾಗೆ ಇಷ್ಟ್ ಬಂತು. ಕೇಳ್ದೆ, ಇನ್ನೂ ಕೊಡು ಅಂತ ಕೇಳ್ದೆ. ಕೊಡ್ಲಿಲ್ಲ. ಯಾಕೇಂತ ಗೊತ್ತಿಲ್ಲ. ಆದ್ರೂ ಅವನ್ ಮನೆಗೇ ಬಂದಿವ್ನಿ, ಇನ್ನೆಲ್ಲಿಗ್ ಹೋಗಾನ." ಚೀಲ ಇಟ್ಟು ಕೂತರು.

ಅಂಜೂರ ಚಿಗುರದಿದ್ದರೂ, ಹೊಲಗಳು ಆಹಾರ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಪಡುವೆನು ಎಂದು ಪ್ರವಾದಿ ಹಬಕ್ಕೂಕ ಹಾಡಿದ್ದು ಇದನ್ನೇ. ಆ ದಿನ ಆ ಸಭೆಯಲ್ಲಿ ಬೋರ್‌ವೆಲ್ ಸಾಲ ಮೈಮೇಲಿದ್ದವರು ಇದ್ದರು, ಗುಣವಾಗದ ಕಾಯಿಲೆಯವರು ಇದ್ದರು, ಪ್ರಾರ್ಥನೆ ಮಾಡಿಯೂ ಮಗನನ್ನು ಕಳೆದುಕೊಂಡ ತಾಯಿ ಒಬ್ಬರಿದ್ದರು. ಗುಣವಾದವರ ಸಾಕ್ಷಿ ಕೇಳಿದಾಗಲೆಲ್ಲ ಇಂಥವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹಾಗಾದರೆ ನನ್ನ ನಂಬಿಕೆಯಲ್ಲಿ ಏನು ಕಮ್ಮಿ ಆಯಿತು? ಆ ರೈತರ ಮಾತಿನಲ್ಲಿ ಅವರೆಲ್ಲರಿಗೂ ಜಾಗವಿತ್ತು. ಕೊಡಲಿಲ್ಲ ಅನ್ನುವುದನ್ನೂ ಅವರು ದೇವರ ಮನೆಯಲ್ಲಿ ನಿಂತು ಹೇಳಿದರು, ಇನ್ನೆಲ್ಲಿಗೂ ಹೋಗುವುದಿಲ್ಲ ಅನ್ನುವುದನ್ನೂ ಅಲ್ಲೇ ಹೇಳಿದರು. ಹರಾಜಿನಲ್ಲಿ ಆ ರಾಗಿ ಆ ದಿನದ ಎಲ್ಲಕ್ಕಿಂತ ಹೆಚ್ಚು ಬೆಲೆಗೆ ಹೋಯಿತು. ಕೂಗಿದವರು ಒಬ್ಬರಲ್ಲ, ಹಲವರು ಸೇರಿ ಕೂಗಿದರು.

ಹುಟ್ಟಿನಿಂದ ಬಂದ ನಂಬಿಕೆ ಬರೀ ಅಭ್ಯಾಸವಾಗಿ ಒಣಗಿಹೋಗಬಹುದಲ್ಲ ಅನ್ನುವ ಮಾತಿದೆ. ದೇವರಿಗೆ ಮಕ್ಕಳಿದ್ದಾರೆ, ಮೊಮ್ಮಕ್ಕಳಿಲ್ಲ ಎಂದು ನಮ್ಮ ಪಾದ್ರಿ ಅಯ್ಯನವರು ಪ್ರಸಂಗದಲ್ಲಿ ಹೇಳುತ್ತಿರುತ್ತಾರೆ. ಅದು ಸರಿಯಾದ ಮಾತು, ನಾನು ಅದನ್ನು ತಳ್ಳಿಹಾಕುವುದಿಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯಲ್ಲಿ ಮನೆ ಬಿಟ್ಟು ಹೋದ ಕಿರಿಮಗನಷ್ಟೇ ಮನೆಯಲ್ಲೇ ಇದ್ದ ಹಿರಿಮಗನೂ ತಂದೆಯಿಂದ ದೂರ ಇದ್ದ. ಗದ್ದೆಯಲ್ಲಿ ದುಡಿದ, ಒಂದು ಅಪ್ಪಣೆಯನ್ನೂ ಮೀರಲಿಲ್ಲ, ಆದರೆ ತಮ್ಮ ಬಂದಾಗ ಒಳಗೆ ಬರಲು ಒಪ್ಪಲಿಲ್ಲ. ತಂದೆ ಅವನಿಗಾಗಿಯೂ ಹೊರಗೆ ಬಂದ. ಮಗನೇ, ನೀನು ಯಾವಾಗಲೂ ನನ್ನ ಸಂಗಡ ಇದ್ದೀ, ನನ್ನದೆಲ್ಲಾ ನಿನ್ನದೇ ಅಂದ. ಹಿರಿಮಗ ಅದಕ್ಕೆ ಏನು ಉತ್ತರ ಕೊಟ್ಟ ಎಂದು ಯೇಸು ಹೇಳಲಿಲ್ಲ, ಕಥೆ ಅಲ್ಲಿಗೇ ನಿಲ್ಲುತ್ತದೆ. ಮನೆಯಲ್ಲೇ ಬೆಳೆದವರು ಕೊಡಬೇಕಾದ ಸಾಕ್ಷಿ ಆ ಉತ್ತರವೇ ಎಂದು ನನಗೆ ಅನ್ನಿಸುತ್ತದೆ. ಯಾವಾಗಲೂ ಸಂಗಡ ಇರುವುದು ಒಂದು ಭಾಗ್ಯ ಎಂದು ಕಂಡುಕೊಂಡವನು ಮಾತ್ರ ಅದನ್ನು ಹೇಳಬಲ್ಲ. ಚರ್ಚಿನ ರಿಜಿಸ್ಟರಿನಲ್ಲಿ ಹೆಸರಿದ್ದ ಮಾತ್ರಕ್ಕೆ ಅದು ಬರುವುದಿಲ್ಲ.

ಅದಕ್ಕೇ ಆ ಹುಡುಗಿಯನ್ನು ನಾನು ಹಾಗೆ ಕಳಿಸಲಿಲ್ಲ. ನಿನಗೆ ಯಾವತ್ತಾದರೂ ಇದೆಲ್ಲ ಬಿಟ್ಟುಬಿಡಬೇಕು ಅನ್ನಿಸಿತ್ತಾ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಹಾಸ್ಟೆಲ್ಲಿನಲ್ಲಿ ಇದ್ದಾಗ ಹೌದು ಅಂದಳು. ರೂಮಿನಲ್ಲಿ ಅವಳೊಬ್ಬಳೇ ಕ್ರೈಸ್ತಳು, ಭಾನುವಾರ ಬೆಳಿಗ್ಗೆ ಎಬ್ಬಿಸಲು ಅಮ್ಮ ಇಲ್ಲ, ಯಾರೂ ಕೇಳುವವರಿಲ್ಲ. ಮೂರ್ನಾಲ್ಕು ಭಾನುವಾರ ಮಲಗಿಬಿಟ್ಟಳಂತೆ. "ಆಮೇಲೆ?" ಅಂದೆ. "ಆಮೇಲೆ ಒಂದಿನ ಎದ್ದು ಹೋದೆ ಟೀಚರ್. ಯಾರೂ ಹೇಳ್ಲಿಲ್ಲ. ನಂಗೇ ಹೋಗ್ಬೇಕು ಅನ್ಸ್ತು. ಚರ್ಚಲ್ಲಿ ಯಾರೂ ಗೊತ್ತಿರ್ಲಿಲ್ಲ. ಆದ್ರೆ ಕರ್ತನ ಪ್ರಾರ್ಥನೆ ಶುರು ಮಾಡಿದ್ ತಕ್ಷಣ ಮನೇಲಿದ್ದಂಗ್ ಆಯ್ತು." ಅವಳು ತನ್ನ ಬಾಯಾರೆ ಹೂಂ ಅಂದದ್ದು ಆ ಭಾನುವಾರ. ಅದು ಸಾಕ್ಷಿ ಅಲ್ಲದಿದ್ದರೆ ಇನ್ನು ಯಾವುದು? ಇದನ್ನೇ ಹೇಳು, ಒಂದು ಮಾತೂ ಸೇರಿಸಬೇಡ ಅಂದೆ.

ಈಗ ನಮ್ಮ ಸ್ತ್ರೀಯರ ಸಂಘದಲ್ಲಿ ಒಂದು ಕೆಲಸ ಕೈಗೆತ್ತಿಕೊಂಡಿದ್ದೇವೆ. ಸಭೆಯ ಹಿರಿಯರ ಮನೆಗಳಿಗೆ ಹೋಗಿ ಅವರ ಸಾಕ್ಷಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುವುದು, ಆಮೇಲೆ ಮಕ್ಕಳ ಕೈಯಲ್ಲಿ ಬರೆಸುವುದು. ಬಹಳ ಜನ ಮೊದಲು ಬೇಡ ಅನ್ನುತ್ತಾರೆ, ನಮ್ದೇನೈತೆ ಹೇಳೋಕೆ ಅನ್ನುತ್ತಾರೆ. ನಾವು ಸಾಕ್ಷಿ ಹೇಳಿ ಎಂದು ಕೇಳುವುದನ್ನೇ ಬಿಟ್ಟಿದ್ದೇವೆ. ನಿಮಗೆ ಪ್ರಾರ್ಥನೆ ಕಲಿಸಿದ್ದು ಯಾರು, ಯಾವ ವಚನ ಮೊದಲು ಬಾಯಿಪಾಠ ಬಂತು, ತೀರಾ ಕಷ್ಟದ ವರ್ಷ ಯಾವುದು, ಆಗ ಏನು ಮಾಡಿದಿರಿ ಎಂದು ಕೇಳುತ್ತೇವೆ. ಆಮೇಲೆ ಮಾತು ನಿಲ್ಲುವುದಿಲ್ಲ. ಮುಂದಿನ ತಿಂಗಳ ಕೂಟದಲ್ಲಿ ಸಾಕ್ಷಿಯ ಸಮಯಕ್ಕೆ ಮೂವರನ್ನು ಒಪ್ಪಿಸಿದ್ದೇವೆ: ಚರ್ಚಿನ ನೆಲ ಗುಡಿಸಿ ಒರೆಸುವ ಅಮ್ಮ, ರಿಟೈರ್ ಆಗಿರುವ ಒಬ್ಬ ಬಸ್ ಕಂಡಕ್ಟರ್, ಮತ್ತೆ ಕುಡಿತ ಬಿಟ್ಟವರ ಹೆಂಡತಿ, ಆ ಕಾಫಿ ಮಾಡಿಟ್ಟುಕೊಂಡು ಕಾಯುತ್ತಿದ್ದವರು. ಅವರು ಮಾತ್ರ ಒಂದು ಷರತ್ತು ಹಾಕಿದ್ದಾರೆ, ಗಂಡನೂ ಮುಂದಿನ ಸಾಲಿನಲ್ಲಿ ಕೂತು ಕೇಳಬೇಕಂತೆ.